ತಲೆಯಾಡಿಸುವ ಮುಂಚೆ ಒಂದು ಮಾತು

ಗಂಜಿ ಹಾಕಿದ ನೂಲು, ಅದರ ಜೊತೆಗೆ ಒಂದಿಷ್ಟು ಯಂತ್ರದ ಎಣ್ಣೆ. ಅಮ್ಮ ಎಂದರೆ ಕಿರಿಯ ಮಗಳಿಗೆ ಈ ವಾಸನೆ. ಚಿಕ್ಕವಳಿದ್ದಾಗ, ಅಮ್ಮ ಮಗ್ಗದ ಶೆಡ್ಡಿನಿಂದ ಬಂದು ಗೋಡೆಗೆ ಒರಗಿ ಕಾಲು ಚಾಚಿದ ಕೂಡಲೇ ಓಡಿ ಹೋಗಿ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದಳು. ಅಮ್ಮ ಬಾಯಿ ತೆರೆಯುತ್ತಿರಲಿಲ್ಲ. ಬೆನ್ನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ‘ಉಂಡೆಯಾ’ ಎಂದು ಕೇಳುವ ರೀತಿ ಅದು.

ಮಗ್ಗದ ಸದ್ದು ಅಮ್ಮನ ಕಿವಿಯನ್ನು ಬೇಗನೇ ತಿಂದುಹಾಕಿತ್ತು. ಶೆಡ್ಡಿನಲ್ಲಿ ದುಡಿಯುವವರಿಗೆ ಕಿವಿ ಇದ್ದರೂ ಅಷ್ಟೇ, ಹೋದರೂ ಅಷ್ಟೇ. ಅಲ್ಲಿ ತುಟಿ ನೋಡಿ ಮಾತು ತಿಳಿಯುತ್ತಾರೆ, ಕೈಯಲ್ಲಿ ಉತ್ತರ ಕೊಡುತ್ತಾರೆ. ನೂಲು ಕಡಿಯಿತು, ಎಣ್ಣೆ ತಾ, ಮೇಸ್ತ್ರಿ ಬಂದ, ನಿನ್ನ ಗಂಡ ಮತ್ತೆ ಮುನಿಸಿಕೊಂಡನಾ, ಎಲ್ಲಕ್ಕೂ ಒಂದೊಂದು ಸನ್ನೆ ಇದೆ. ಆ ಕೈಮಾತನ್ನು ಅಮ್ಮ ಮನೆಗೂ ತಂದಳು. ಕಿರಿಯ ಮಗಳು ಅದನ್ನು ಹಾಲಿನ ಜೊತೆಗೇ ಕಲಿತಳು. ಹಿರಿಯವಳು ಅಜ್ಜಿಯ ಮನೆಯಲ್ಲಿ ಬೆಳೆದಳು. ಅವಳಿಗೆ ಅದು ಬರಲೇ ಇಲ್ಲ.

ಮುಂದೆ ಕಿರಿಯವಳೂ ಅದೇ ಶೆಡ್ಡಿಗೆ ಸೇರಿದಳು. ಅಲ್ಲಿ ಒಂದು ಅಭ್ಯಾಸ ಅಂಟಿಕೊಂಡಿತು. ಯಾರಾದರೂ ದೂರದಿಂದ ಏನೋ ಹೇಳುತ್ತಾರೆ. ‘ಏನಂದೆ?’ ಎಂದು ಕೇಳಬೇಕಾದರೆ ಮಗ್ಗ ಬಿಟ್ಟು ಹತ್ತಿರ ಹೋಗಬೇಕು, ಅಷ್ಟರಲ್ಲಿ ಇಲ್ಲಿ ಎಳೆ ಕಡಿದಿರುತ್ತದೆ. ಅದಕ್ಕೆ ತಿಳಿದರೂ ತಿಳಿಯದಿದ್ದರೂ ಒಮ್ಮೆ ತಲೆಯಾಡಿಸಿ ಕೆಲಸ ನೋಡುವುದು. ಉಳಿದವರು ಈ ಅಭ್ಯಾಸವನ್ನು ಶೆಡ್ಡಿನ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು. ಇವಳ ಜೊತೆಗೆ ಅದು ಮನೆತನಕ ಬಂತು. ತರಕಾರಿಯವನು ಬಾಡಿದ ಸೊಪ್ಪು ಹಿಡಿದು ‘ತಾಜಾ ಇದೆ, ಹಾಕ್ಲಾ’ ಎಂದರೂ ತಲೆಯಾಡಿಸುವಳು. ದರ್ಜಿ ‘ತೋಳು ಇನ್ನೂ ಬಿಗಿ ಮಾಡ್ಲಾ’ ಎಂದರೂ ತಲೆಯಾಡಿಸಿ, ಆಮೇಲೆ ಕೈ ಎತ್ತಲಾಗದೆ ಒದ್ದಾಡುವಳು. ಜೊತೆಯವರು ಅವಳಿಗೆ ‘ಗೊಂಬೆ’ ಎಂದು ಹೆಸರಿಟ್ಟರು. ಅದಕ್ಕೂ ತಲೆಯಾಡಿಸಿದಳು.

ಹೀಗೆ ಆಡಿಸಿ ಆಡಿಸಿ, ಒಂದು ದಿನ ಅಮ್ಮನನ್ನೇ ಕಳಿಸಿಕೊಟ್ಟಳು.

ಅಕ್ಕ ಬಂದಿದ್ದಳು. ಅಕ್ಕ ಬಂದರೆ ಮನೆಗೆ ರೇಡಿಯೋ ಬಂದಂತೆ. ಕೂರುವ ಮೊದಲೇ ಮಾತು ಶುರು. “ನೋಡೇ, ನೀನು ಸಂಜೆ ಪಾಳಿಗೆ ಹೋಗ್ತೀಯಾ, ನಿನ್ನ ಗಂಡ ಬಣ್ಣ ಬಳಿಯೋಕೆ ಎಲ್ಲೆಲ್ಲೋ ಹೋಗ್ತಾರೆ. ಅಮ್ಮ ಒಬ್ಬಳೇ ಇರೋದು ನನಗೆ ಸರಿ ಕಾಣಲ್ಲ. ನಮ್ಮನೆ ಪಕ್ಕದಲ್ಲೇ ಆಸ್ಪತ್ರೆ ಇದೆ. ಕರ್ಕೊಂಡು ಹೋಗ್ಲಾ?”

ಬೇಡ ಎಂಬ ಮಾತು ಎದೆಯಿಂದ ಹೊರಟು ಗಂಟಲಿನವರೆಗೂ ಬಂದಿತ್ತು. ಅಲ್ಲೇ ನಿಂತಿತು. ತಲೆ ಮಾತ್ರ ತಾನಾಗಿ ಆಡಿತು. ಅಮ್ಮ ಕಿರಿಯ ಮಗಳ ಮುಖ ನೋಡಿದಳು, ತಾನೂ ತಲೆಯಾಡಿಸಿದಳು. ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದರು.

ಆಮೇಲಿನ ತಿಂಗಳುಗಳನ್ನು ಏನೆಂದು ಹೇಳುವುದು. ಗೋಡೆಯ ಮೇಲೆ ಅಮ್ಮ ಒರಗುತ್ತಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಲೆ ಇತ್ತು. ಗಂಡ ಬಣ್ಣದವನು, ಒಂದು ಕೈ ಬಳಿದರೆ ಹೋಗುವ ಕಲೆ. ಬಳಿಯಲು ಗೊಂಬೆ ಬಿಡಲಿಲ್ಲ. ಅಕ್ಕನಿಗೆ ಫೋನ್ ಮಾಡಿದರೆ ಅಕ್ಕನ ಮಾತಿನ ಹಿಂದೆ ಎಲ್ಲೋ ಅಮ್ಮ ಕೆಮ್ಮುವುದು ಕೇಳುತ್ತಿತ್ತು. ಆ ಕೆಮ್ಮಿಗಾಗಿಯೇ ಫೋನ್ ಹಿಡಿದು ಕೂತಿರುತ್ತಿದ್ದಳು. ವಿಡಿಯೋ ಹಾಕಿದರೆ ಅಕ್ಕ ಫೋನನ್ನು ಅಮ್ಮನ ಮೂಗಿನ ಹತ್ತಿರ ಹಿಡಿಯುವಳು. ಹಣೆ ಕಾಣುವುದು, ಕನ್ನಡಕ ಕಾಣುವುದು, ಕೈ ಮಾತ್ರ ಕಾಣದು. ಕೈ ಕಾಣದಿದ್ದರೆ ಅಮ್ಮನ ಮಾತೇ ಕಾಣದು. “ಕೈ ಕಾಣೋ ಹಾಗೆ ದೂರ ಹಿಡಿ” ಎಂದು ಹೇಳಿದರೆ ಮುಗಿಯುತ್ತಿತ್ತು. ಅಷ್ಟೂ ಹೇಳಲಾಗಲಿಲ್ಲ.

ಎದುರು ಮನೆಯಲ್ಲಿ ಬಸ್ ಕಂಡಕ್ಟರ್ ಕೆಲಸದ ಹೆಂಗಸೊಬ್ಬರು ಇದ್ದರು. ಎಲ್ಲರೂ ಅವರನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಒಂದು ದಿನ ಬಟ್ಟೆ ಒಣಹಾಕಲು ಬಂದ ಅವರು, ಗೊಂಬೆ ಅಮ್ಮನ ಹಳೆಯ ಸೀರೆಯನ್ನು ಹಗ್ಗದ ಮೇಲೆ ಹರಡಿ ಸುಮ್ಮನೆ ಹಿಡಿದು ನಿಂತಿದ್ದನ್ನು ಕಂಡರು. ತಮ್ಮ ಬಟ್ಟೆಗಳನ್ನು ಒಂದು ಮೂಲೆಗೆ ಸರಿಸಿ, ಆ ಸೀರೆಗೆ ಬಿಸಿಲು ಬೀಳುವಂತೆ ಜಾಗ ಮಾಡಿದರು. ಆಮೇಲೆ ಮೆಲ್ಲಗೆ, “ಅಮ್ಮ ಯಾವಾಗ ಬರ್ತಾರಮ್ಮಾ?” ಎಂದರು.

ಗೊಂಬೆ ತಲೆಯಾಡಿಸಿದಳು.

“ಯಾವಾಗ ಅಂತ ಕೇಳಿದ್ರೆ ತಲೆ ಆಡಿಸ್ತೀಯಲ್ಲ, ಅದನ್ನ ನಾನು ಸೋಮವಾರ ಅಂದ್ಕೊಳ್ಳಾ, ಮಂಗಳವಾರ ಅಂದ್ಕೊಳ್ಳಾ?”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತುಂಡು ತುಂಡಾಗಿ ಎಲ್ಲ ಹೇಳಿದಳು. ಕಂಡಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ.

“ಅಮ್ಮ ಬೇಕು ಅಂತ ಅಕ್ಕನಿಗೆ ಹೇಳಿದ್ದೀಯಾ?”

“ಅವಳಿಗೆ ಗೊತ್ತಾಗಲ್ವಾ, ಅಕ್ಕ ತಾನೇ?”

“ಅಳದೇ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಅಂತಾರೆ. ಅಕ್ಕನಿಗೆ ಹೇಗಮ್ಮ ಗೊತ್ತಾಗ್ಬೇಕು? ಬಾ, ಹೇಳೋದು ಹೇಗೆ ಅಂತ ನಾನು ಕಲಿಸ್ತೀನಿ.”

ಬಾಗಿಲಲ್ಲಿ ಕುಂಚ ತೊಳೆಯುತ್ತಿದ್ದ ಗಂಡ ಅಲ್ಲಿಂದಲೇ ಹೇಳಿದ, “ಮಾತು ಬೆಳ್ಳಿ, ಮೌನ ಬಂಗಾರ ಕಂಡಕ್ಟರಮ್ಮ. ಮಾತಾಡೋಕೂ ಟ್ಯೂಷನ್ ಇದೆಯಾ? ಅದು ಹುಟ್ಟಿನಿಂದ ಬರಬೇಕು.”

“ನೀವು ಹುಟ್ಟುವಾಗ ಕುಂಚ ಹಿಡ್ಕೊಂಡೇ ಬಂದ್ರಾ?” ಎಂದರು ಕಂಡಕ್ಟರಮ್ಮ. “ನಾನು ಕೆಲಸಕ್ಕೆ ಸೇರಿದ ಮೊದಲ ದಿನ, ಟಿಕೆಟ್ ಅಂತ ಕೇಳೋಕೆ ನಾಚಿಕೆಯಾಗಿ ಅರ್ಧ ಬಸ್ಸು ಪುಕ್ಕಟೆ ಇಳಿದುಹೋಯ್ತು. ದಿನಾ ಆಡಿ ಆಡಿ ನಾಲಿಗೆ ಹದಕ್ಕೆ ಬಂತು. ಧೈರ್ಯ ಬಂದ ಮೇಲೆ ಮಾತಾಡ್ತೀನಿ ಅಂತ ಕೂತಿದ್ರೆ ಇವತ್ತಿಗೂ ಕೂತೇ ಇರ್ತಿದ್ದೆ. ಸಣ್ಣ ಸಣ್ಣದು ಮಾತಾಡ್ತಾ ಹೋದೆ, ಧೈರ್ಯ ಹಿಂದಿನಿಂದ ಬಂದು ಬಸ್ ಹತ್ತಿಕೊಳ್ತು.”

ಮರುದಿನದಿಂದ ಪಾಠ ಶುರುವಾಯಿತು. ಪಾಠ ಎಂದರೆ ಪಾಠವಲ್ಲ, ಬಟ್ಟೆ ಮಡಿಸುವಾಗಿನ ಮಾತು. ದೊಡ್ಡವರ ಜೊತೆ ದೊಡ್ಡ ಮಾತು ಸದ್ಯಕ್ಕೆ ಬೇಡ ಎಂದರು ಕಂಡಕ್ಟರಮ್ಮ. ಅಂಗಡಿಗೆ ಹೋದರೆ ಒಂದು ಪ್ರಶ್ನೆ ಕೇಳು. ಕೇಳಿ ಅವರ ಮುಖ ನೋಡುತ್ತಾ ನಿಲ್ಲು, ಉತ್ತರ ಪೂರ್ತಿ ಬರಲಿ.

ಗೊಂಬೆ ಔಷಧಿ ಅಂಗಡಿಗೆ ಹೋದಳು. ಅವಳ ಗಂಟಲಿಗೆ ಗೊತ್ತಿದ್ದದ್ದು ಎರಡೇ: ಒಂದೋ ಶೆಡ್ಡಿನ ಕೂಗು, ಇಲ್ಲವೇ ಏನೂ ಇಲ್ಲ. “ಈ ಮಾತ್ರೆ ಊಟಕ್ಕೆ ಮುಂಚೆನಾ ಆಮೇಲಾ” ಎಂದು ಕೂಗಿದ ರಭಸಕ್ಕೆ ಅಂಗಡಿಯವನ ಕೈಯಿಂದ ಡಬ್ಬಿ ಬಿತ್ತು. “ಆಮೇಲೆ ತಾಯಿ, ಆಮೇಲೆ. ನನಗೆ ಕಿವಿ ಇದೆ” ಎಂದ ಅವನು. ಅಲ್ಲಿದ್ದವರೆಲ್ಲ ನಕ್ಕರು. ಅವಳು ಮನೆಗೆ ಬಂದು ಇನ್ನು ಸಾಕು ಎಂದಳು.

“ಉತ್ತರ ಸಿಕ್ತಾ?” ಎಂದರು ಕಂಡಕ್ಟರಮ್ಮ.

“ಸಿಕ್ತು.”

“ಮತ್ತೇನು? ನಾಳೆ ಎದುರಿಗಿರೋರಿಗೆ ಮಾತ್ರ ಕೇಳೋ ಹಾಗೆ ಹೇಳು, ಇಡೀ ಬೀದಿಗೆ ಬೇಡ.”

ತಲೆ ತಾನಾಗಿ ಆಡಲು ಹೊರಟಾಗ ತಡೆಯುವುದಕ್ಕೂ ಒಂದು ದಾರಿ ಹೇಳಿಕೊಟ್ಟರು. “‘ಸ್ವಲ್ಪ ಯೋಚಿಸಿ ಹೇಳ್ತೀನಿ.’ ಈ ಮಾತು ನಾಲಿಗೆ ತುದೀಲಿ ಇಟ್ಕೋ. ಯಾರಿಗೂ ಬೇಜಾರಾಗಲ್ಲ, ನಿನಗೆ ಉಸಿರಾಡೋಕೆ ಹೊತ್ತು ಸಿಗುತ್ತೆ. ಆಮೇಲೆ ನಿನಗೇನು ಬೇಕೋ ಅದನ್ನ ‘ನನಗೆ’ ಅಂತ ಶುರು ಮಾಡಿ ಒಂದೇ ಮಾತಲ್ಲಿ ಹೇಳು. ‘ನೀನು ಹಾಗೆ ಮಾಡಿದೆ, ಹೀಗೆ ಮಾಡಿದೆ’ ಅಂತ ಶುರು ಮಾಡಿದ್ರೆ ಜಗಳ ಬಾಗಿಲಲ್ಲೇ ನಿಂತಿರುತ್ತೆ.”

ಕೆಲವು ವಾರ ಕಳೆದವು. ಬಾಡಿದ ಸೊಪ್ಪು ಮನೆಗೆ ಬರುವುದು ನಿಂತಿತು. ಗಂಡನಿಗೆ ಇದು ಮೊದಲು ಕಂಡದ್ದು ತಟ್ಟೆಯಲ್ಲಿ. ಇನ್ನೊಂದು ಸಲ ಬಡಿಸಿಕೊಂಡ. ಒಂದು ದಿನ ಪಾಳಿ ಬಿಟ್ಟಾಗ ಗೊಂಬೆ ಮೇಸ್ತ್ರಿಯ ಎದುರು ನಿಂತಳು.

“ನನಗೆ ಬೆಳಗಿನ ಪಾಳಿ ಬೇಕು ಸಾರ್. ಮನೇಲಿ ಅಮ್ಮನನ್ನ ನೋಡ್ಕೊಳ್ಬೇಕು.”

ಮೇಸ್ತ್ರಿ ಕಣ್ಣು ಮಿಟುಕಿಸಿದ. “ನಿನಗೆ ಮಾತು ಬರುತ್ತಾ? ಅಲ್ಲಮ್ಮ, ವರ್ಷ ವರ್ಷ ಸಂಜೆ ಪಾಳಿ ಆಗುತ್ತಾ ಅಂತ ಕೇಳ್ತಿದ್ದೆ, ನೀನು ತಲೆ ಆಡಿಸ್ತಿದ್ದೆ. ನಿನಗೆ ಅದೇ ಇಷ್ಟ ಅಂದ್ಕೊಂಡಿದ್ದೆ. ಮುಂದಿನ ವಾರದಿಂದ ಬೆಳಿಗ್ಗೆ ಬಾ.”

ಇಷ್ಟೇನಾ, ಎನಿಸಿತು ಅವಳಿಗೆ. ಹೊರಗೆ ಬಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಇಷ್ಟು ವರ್ಷದ ಸಂಜೆಗಳೆಲ್ಲ ಅಮ್ಮನ ಪಕ್ಕ ಕೂರಬಹುದಾಗಿದ್ದ ಸಂಜೆಗಳು.

ಅಮ್ಮ ಬಂದ ಮೇಲೆ ಬೆಳಗಿನ ಹೊತ್ತು ಆಗಾಗ ಬಂದು ನೋಡುತ್ತೇನೆ, ನನ್ನ ಬಸ್ಸು ಹೊರಡುವುದು ಮಧ್ಯಾಹ್ನದ ಮೇಲೆ ಎಂದರು ಕಂಡಕ್ಟರಮ್ಮ. ರಜೆಯ ದಿನ ಗೊಂಬೆ ಅಕ್ಕನ ಊರಿನ ಬಸ್ಸು ಹತ್ತಿದಳು. ಗಂಡ ನಿಲ್ದಾಣದವರೆಗೂ ಬಂದ. “ಹೇಳಲಿಕ್ಕೆ ಆಗದಿದ್ರೆ ಬೇಜಾರು ಮಾಡ್ಕೋಬೇಡ” ಎಂದ. ಅವನಿಗೆ ಇನ್ನೂ ನಂಬಿಕೆ ಇರಲಿಲ್ಲ.

ಅಕ್ಕನ ಮನೆ ಒಪ್ಪವಾಗಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಒಗೆದ ಸೀರೆ, ಬಾಚಿದ ತಲೆ, ಬೆನ್ನಿಗೆ ದಿಂಬು. ಎರಡು ಕೈಗಳೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಕೈಗಳು ಹಾಗೆ ಸುಮ್ಮನಿದ್ದದ್ದನ್ನು ಗೊಂಬೆ ಎಂದೂ ಕಂಡಿರಲಿಲ್ಲ. ಮಗಳನ್ನು ನೋಡಿದ್ದೇ ಅವು ಎದ್ದವು. ‘ಇಳಿದುಹೋಗಿದ್ದೀಯಾ. ಗಂಡ ಹೇಗಿದ್ದಾನೆ. ಎಣ್ಣೆ ಹಚ್ಚಲ್ವಾ ತಲೆಗೆ.’ ಒಂದರ ಮೇಲೊಂದು, ತಿಂಗಳುಗಟ್ಟಲೆ ಕಟ್ಟಿಟ್ಟ ಮಾತು.

ಅಕ್ಕ ಅಡುಗೆಮನೆಯಿಂದಲೇ ಶುರು ಮಾಡಿದ್ದಳು. ಡಾಕ್ಟರ್ ಹೇಳಿದ್ದು, ನೀರು ಬಾರದ್ದು, ಮಗನ ಪರೀಕ್ಷೆ. ಗೊಂಬೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ಅಕ್ಕ ಉಸಿರು ತೆಗೆದುಕೊಂಡಾಗ ಹೇಳಿದಳು.

“ಅಕ್ಕಾ, ನನಗೆ ಅಮ್ಮ ನನ್ನ ಜೊತೆ ಇರಬೇಕು ಅಂತ ಆಸೆ.”

ಸೌಟು ನಿಂತಿತು. “ಅಂದ್ರೆ ನಾನು ಸರಿಯಾಗಿ ನೋಡ್ಕೊಳ್ತಿಲ್ಲ ಅಂತಾನಾ?”

ಹಿಂದಿನ ಗೊಂಬೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಅವಳ ಕುತ್ತಿಗೆ ಬಾಗುವುದಕ್ಕೂ ಸಿದ್ಧವಾಗಿತ್ತು. ಅವಳು ಅಕ್ಕನ ಮುಖವನ್ನೇ ನೋಡಿದಳು. “ನಿನಗೆ ನೋವಾಯ್ತು ಅಂತ ಕಾಣುತ್ತೆ. ನೀನು ಚೆನ್ನಾಗೇ ನೋಡ್ಕೊಂಡಿದ್ದೀಯಾ, ನನಗೆ ಕಾಣುತ್ತೆ. ಆ ದಿನ ನನಗೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ತಪ್ಪು ನನ್ನದು. ಈಗ ಬೆಳಗಿನ ಪಾಳಿ ಕೇಳಿ ತಗೊಂಡಿದ್ದೀನಿ. ನಿನ್ನ ಮನಸ್ಸಲ್ಲಿ ಏನಿದೆ ಹೇಳಕ್ಕಾ.”

ಕೇಳಿ, ಕಾದಳು. ಅಕ್ಕ ಒಲೆ ಆರಿಸಿ ಸೌಟನ್ನು ಪಕ್ಕಕ್ಕಿಟ್ಟಳು.

“ನನಗೂ ಅಮ್ಮ ಬೇಕಾಗಿದ್ಲು ಕಣೇ” ಎಂದಳು ಕೊನೆಗೆ. “ಅಜ್ಜಿ ಮನೇಲಿ ಬೆಳೆದೋಳು ನಾನು. ನಿಮ್ಮಿಬ್ಬರ ಕೈ ಆಡೋದು ನೋಡಿ ಹೊಟ್ಟೆ ಉರಿಯೋದು. ಈಗಾದ್ರೂ ಅಮ್ಮನ ಹತ್ರ ಮಾತಾಡೋಣ ಅಂತ ಕರ್ಕೊಂಡು ಬಂದೆ. ನಾನು ಒಂದೇ ಸಮ ಮಾತಾಡ್ತೀನಿ, ಅವಳು ತಲೆ ಆಡಿಸ್ತಾಳೆ. ಅಷ್ಟೇ.”

ಇಬ್ಬರೂ ಅಮ್ಮನ ಎದುರು ನೆಲದ ಮೇಲೆ ಕೂತರು. ಗೊಂಬೆ ಕೈಯಲ್ಲಿ ಕೇಳಿದಳು, ‘ನಿನಗೆ ಎಲ್ಲಿರಬೇಕು ಅನಿಸುತ್ತಮ್ಮಾ?’ ಈ ಪ್ರಶ್ನೆಯನ್ನು ಅಮ್ಮನಿಗೆ ಯಾರೂ ಕೇಳಿರಲಿಲ್ಲ.

ಅಮ್ಮನ ಕೈ ನಿಧಾನವಾಗಿ ಆಡಿತು. ಗೊಂಬೆ ಅಕ್ಕನಿಗಾಗಿ ಬಾಯಲ್ಲಿ ಹೇಳುತ್ತಾ ಹೋದಳು. “ಆ ದಿನ ಹಿರಿಯವಳ ತುಟಿ ಓಡಿದ ವೇಗಕ್ಕೆ ಏನು ಮಾತಾಡಿದ್ರೋ ನನಗೆ ತಿಳೀಲಿಲ್ಲ. ಕಿರಿಯವಳು ತಲೆ ಆಡಿಸಿದ್ಲು, ನಾನೂ ಆಡಿಸಿದೆ. ಆಮೇಲೆ ಬಸ್ಸಲ್ಲಿ...” ಅವಳ ದನಿ ತಡೆಯಿತು. “ಆಮೇಲೆ ಬಸ್ಸಲ್ಲಿ, ಇವಳಿಗೆ ನಾನು ಭಾರವಾದೆ ಅಂತ ಅಂದ್ಕೊಂಡೆ.”

ಗೊಂಬೆ ಅಮ್ಮನ ಮಡಿಲಲ್ಲಿ ಮುಖವಿಟ್ಟಳು. ಅಮ್ಮ ಒಂದು ಕೈಯನ್ನು ಅವಳ ಬೆನ್ನ ಮೇಲಿಟ್ಟು, ಇನ್ನೊಂದರಲ್ಲಿ ಅಕ್ಕನ ಕೈ ಹಿಡಿದಳು. ಇವಳ ಜೊತೆ ಹೋಗುತ್ತೇನೆ, ಆದರೆ ನೀನು ಬರುತ್ತಿರಬೇಕು, ನನ್ನ ಮಾತು ಕಲಿಯಬೇಕು ಎಂಬುದು ಅಮ್ಮನ ತೀರ್ಮಾನ. ‘ಮತ್ತೆ ಬಾ’ ಎಂಬ ಸನ್ನೆಯನ್ನು ಅಲ್ಲೇ ಕಲಿಸಿದಳು. ಅಕ್ಕನ ಬೆರಳು ತಪ್ಪಿ ‘ಎಣ್ಣೆ ತಾ’ ಎಂದಾಯಿತು. ಅಮ್ಮ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು ಎಂದಳು ಅಕ್ಕ.

ಗೊಂಬೆ ಗಂಡನಿಗೆ ಫೋನ್ ಮಾಡಿ ಅಮ್ಮ ಬರುತ್ತಿದ್ದಾಳೆ ಎಂದಳು. ಅವನು, “ಕಂಡಕ್ಟರಮ್ಮನ ಹತ್ರ ನನಗೂ ಒಂದು ಸೀಟು ಹಿಡಿ” ಎಂದ.

ಇದನ್ನು ಓದುತ್ತಿರುವ, ಸಂಘದ ಸಭೆಯಲ್ಲಿ ಕೂತು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಗಂಟಲಲ್ಲೂ ಒಂದು ಮಾತು ನಿಂತಿರಬಹುದು. ಅದನ್ನು ಇವತ್ತೇ ಹೇಳಿಬಿಡಿ ಎಂದು ನಾನು ಒತ್ತಾಯ ಮಾಡುವುದಿಲ್ಲ. ಇವತ್ತು ಅಂಗಡಿಯವನಿಗೆ ಒಂದು ಪ್ರಶ್ನೆ ಕೇಳಿ, ಸಾಕು. ಉತ್ತರ ಮುಗಿಯುವ ತನಕ ಕೇಳಿಸಿಕೊಳ್ಳಿ. ಒಪ್ಪಿಗೆಯಿಲ್ಲದ ಕಡೆ ತಲೆಯಾಡಿಸುವ ಮುಂಚೆ ‘ಯೋಚಿಸಿ ಹೇಳ್ತೀನಿ’ ಎನ್ನಿ. ದನಿ ನಡುಗಿದರೆ ನಡುಗಲಿ, ನಡುಗುವ ದನಿಯೂ ಕೇಳಿಸುತ್ತದೆ. ಮತ್ತೆ, ನಿಮ್ಮ ಮನೆಯಲ್ಲಿ ಸುಮ್ಮನೆ ತಲೆಯಾಡಿಸುತ್ತಾ ಕೂತವರು ಯಾರಾದರೂ ಇದ್ದರೆ, ಅವರ ಹತ್ತಿರ ಕೂತು ‘ನಿನಗೇನು ಬೇಕು’ ಎಂದು ಕೇಳಿ. ಅವರೂ ನಿಮ್ಮಷ್ಟೇ ದಿನ ಕಾದಿರುತ್ತಾರೆ.

ಸಂಜೆಯ ಬಸ್ಸಿಗೆ ಹೊತ್ತಾಯಿತು. ತಾಯಿ ಮಗಳು ಮೆಟ್ಟಿಲಿಳಿದು ಬೀದಿಗೆ ಬಂದಿದ್ದರು. ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ಅಕ್ಕ ಓಡಿ ಬಂದಳು. ಬಿಸಿ ಊಟ ತುಂಬಿದ ಡಬ್ಬಿಯೊಂದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಅಷ್ಟು ಮಾತಿನ ಅಕ್ಕ ಅದನ್ನು ತಂಗಿಯ ಕೈಗಿಟ್ಟು, ಅಮ್ಮನಿಗೆ ಕೈಯಲ್ಲೇ ‘ಮತ್ತೆ ಬಾ’ ಎಂದಳು.