ಹೆಸರಿದ್ದ ಜಾಗ

"ನಮ್ಮಲ್ಲಿ ಧರ್ಮ ಗಿರ್ಮ ಏನೂ ಇಲ್ಲ. ಅಧ್ಯಾತ್ಮ ಮಾತ್ರ," ಎಂದು ನಾವು ಕೆಲಸಕ್ಕೆ ಸೇರಿದ ಮೊದಲ ದಿನವೇ ಧ್ಯಾನ ಕೇಂದ್ರದ ಒಡತಿ ನಮಗೆ ಹೇಳಿದರು.

"ಸರಿ. ಹಾಗಾದ್ರೆ ಚಪ್ಪಲಿ ಹಾಕ್ಕೊಂಡೇ ಒಳಗೆ ಬರ್ಬೋದಾ?" ಎಂದಳು ದೊಡ್ಡಮ್ಮ.

ಅವಳು ತಮಾಷೆ ಮಾಡಿದ್ದಲ್ಲ. ಮಂಡಿನೋವು ಇಟ್ಟುಕೊಂಡು ಮೂರು ಮಹಡಿ ಹತ್ತಿ ಬಂದಿದ್ದಳು, ಬಗ್ಗಿ ಚಪ್ಪಲಿ ಬಿಚ್ಚುವುದು ತಪ್ಪುತ್ತದೇನೋ ಎಂದು ಕೇಳಿದಳು. ಒಡತಿ ನಕ್ಕು, ಚಪ್ಪಲಿ ಹೊರಗೇ ಇರಲಿ ಎಂದರು.

"ಹೊರಗೇ ಅಂದ್ಮೇಲೆ ಒಳಗೆ ಯಾರೋ ಇದಾರೆ ಅಂತಾಯ್ತು," ಎಂದು ದೊಡ್ಡಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಒಡತಿಯನ್ನು ಮೇಡಂ ಅನ್ನುವ ಹಾಗಿರಲಿಲ್ಲ, ಅಕ್ಕ ಅನ್ನಬೇಕಿತ್ತು. ಅಲ್ಲಿ ಎಲ್ಲರೂ ಸಮಾನರಂತೆ. ತನಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ದೊಡ್ಡಮ್ಮ "ಅಕ್ಕಾವ್ರೇ" ಎಂದು ಕರೆಯುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ. "ನಂದೇನು ಗಂಟು ಹೋಗುತ್ತೆ? ಅಕ್ಕ ಅನ್ನು ಅಂದ್ರೆ ಅಕ್ಕ, ಅಜ್ಜಿ ಅನ್ನು ಅಂದ್ರೆ ಅಜ್ಜಿ," ಎನ್ನುತ್ತಿದ್ದಳು.

ಕೆಳಗೆ ಟೈರ್ ಅಂಗಡಿ, ಮೇಲೆ ನಾವು. ಹಾಲ್‌ನಲ್ಲಿ ನಲವತ್ತು ಮೆತ್ತೆಗಳು. ದಿನಕ್ಕೆ ಮೂರು ಸಲ ನೆಲ ಒರೆಸಬೇಕು, ಮೆತ್ತೆಯ ಕವರುಗಳನ್ನು ಹಿಂದಿನ ಕೋಣೆಯಲ್ಲಿ ಒಗೆಯಬೇಕು, ಬಂದವರಿಗೆ ಬಿಸಿನೀರು ಕೊಡಬೇಕು. ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಪಾಠ ಬರದೆ ಬಿಟ್ಟದ್ದಲ್ಲ. ಎದ್ದು ನಿಂತು ಜೋರಾಗಿ ಓದು ಎಂದಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಅಕ್ಕನಿಗೆ ನನ್ನ ಈ ಕೊರತೆಯೇ ಬಹಳ ಹಿಡಿಸಿತು. "ನೋಡಿ, ಈ ಹುಡುಗಿಯೊಳಗೆ ಎಂಥ ಮೌನ!" ಎಂದು ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. ಅವರು ಕಣ್ಣು ಅರಳಿಸಿ ನೋಡುತ್ತಿದ್ದರು. ನಾನು ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ಒಳಗೆ ಮೌನವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಒಂದು ಸಂತೆಯೇ ನೆರೆದಿರುತ್ತಿತ್ತು.

ದೊಡ್ಡಮ್ಮ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷ ಪ್ರಾರ್ಥನೆ ಮಾಡುತ್ತಾಳೆ. ಅವಳ ತಾಯಿ ಕಲಿಸಿದ ಏಳು ಸಾಲು, ಮತ್ತೆ ಮತ್ತೆ. ಪ್ರತಿ ಸಾಲಿನ ಕೊನೆಗೆ ಅವಳ ದೇವರ ಹೆಸರು. ಅಷ್ಟೇ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಈ ಹೆಂಗಸು ತನಗಾಗಿ ಇಟ್ಟುಕೊಂಡದ್ದು ದಿನದಲ್ಲಿ ಆ ಹತ್ತು ನಿಮಿಷ ಮಾತ್ರ. ಊಟದ ಬಿಡುವಿನಲ್ಲೇ, ಹಳೆಯ ಮೆತ್ತೆಗಳನ್ನು ಪೇರಿಸಿಟ್ಟ ಉಗ್ರಾಣದಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಅಕ್ಕ ಮೆತ್ತೆ ತರಲು ಹೋಗಿ ಅವಳನ್ನು ಕಂಡರು. ಸಿಟ್ಟು ಮಾಡಲಿಲ್ಲ. ಅವರು ಎಂದೂ ಸಿಟ್ಟು ಮಾಡುವವರಲ್ಲ, ಅದೇ ನನ್ನ ಸಿಟ್ಟು.

"ತಪ್ಪು ತಿಳ್ಕೋಬೇಡಿ. ಇದು ಎಲ್ಲರ ಜಾಗ. ಇಲ್ಲಿ ಯಾವುದೇ ಒಂದು ಧರ್ಮದ ಕಂಪನ ಇರಬಾರದು."

"ಕಂಪನ ಕೆಳಗಿನ ಟೈರ್ ಅಂಗಡಿಯದು ಅಕ್ಕಾವ್ರೇ. ನಾನು ಪಿಸುಪಿಸು ಅಂತ ಹೇಳ್ಕೊಳ್ಳೋದು."

"ನಿಮಗೆ ಬೇರೆ ಪ್ರಾರ್ಥನೆ ಯಾಕೆ ಬೇಕು? ನೆಲ ಒರೆಸೋದೇ ಧ್ಯಾನ. ಕೆಲಸವೇ ಪ್ರಾರ್ಥನೆ."

ಹಾಗೆಂದು ಉಗ್ರಾಣಕ್ಕೆ ಬೀಗ ಹಾಕಿಸಿದರು. ನೆಲ ಒರೆಸುವುದು ಧ್ಯಾನವಾದರೆ ಆ ನಲವತ್ತು ಜನರಿಗೆ ನಲವತ್ತು ಒರೆಸುವ ಬಟ್ಟೆ ಕೊಡಬಹುದಿತ್ತಲ್ಲ, ಮೆತ್ತೆ ಯಾಕೆ ಕೊಟ್ಟರು? ಇದನ್ನು ನಾನು ಮನಸ್ಸಿನಲ್ಲಿ ನೂರು ಸಲ ಕೇಳಿದೆ. ಬಾಯಲ್ಲಿ ಒಂದು ಸಲವೂ ಕೇಳಲಿಲ್ಲ.

ದೊಡ್ಡಮ್ಮ ಒಗೆಯುವ ಕೋಣೆಯಲ್ಲೇ, ಕವರುಗಳನ್ನು ಹಿಂಡುತ್ತ ಪ್ರಾರ್ಥನೆ ಹೇಳಿಕೊಳ್ಳತೊಡಗಿದಳು. "ಒದ್ದೆ ಕೈಯಲ್ಲಿ ನಿಂತು ಮಾತಾಡ್ಸೋದು ಅಂದ್ರೆ, ಮನೆಗೆ ಬಂದೋರನ್ನ ಬಾಗಿಲಲ್ಲೇ ನಿಲ್ಲಿಸಿದ ಹಾಗೆ," ಎಂದು ಕೊರಗುತ್ತಿದ್ದಳು. ಕುಳಿತು, ಬಾಗಿಲು ಮುಂದೆ ಮಾಡಿ, ಬೇರೇನೂ ಮಾಡದೆ ಹೇಳಬೇಕು ಅವಳಿಗೆ. ಆ ಉಗ್ರಾಣ ಬೇಕಿತ್ತು.

ಒಗೆಯುವ ಕೋಣೆಯ ಗಾಳಿಗಂಡಿ ಹಾಲ್‌ಗೆ ತೆರೆಯುತ್ತದೆಂದು ನಮಗೆ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಧ್ಯಾನ ಮುಗಿದು ಎಲ್ಲರೂ ಎದ್ದರೂ ಒಬ್ಬ ನರ್ಸ್ ಕುಳಿತೇ ಇದ್ದರು, ಕೆನ್ನೆಯೆಲ್ಲ ಒದ್ದೆ. "ಗೋಡೆಯ ಹಿಂದೆ ಯಾರದು ಆ ದನಿ?" ಎಂದು ಕೇಳಿದರು. ಇನ್ನೂ ನಾಲ್ಕು ಜನ ತಾವೂ ಕೇಳಿದೆವು, ಮೈ ಜುಮ್ಮೆಂದಿತು ಎಂದರು. ಗಂಡಿಯಿಂದ ಪದ ಕೇಳುತ್ತಿರಲಿಲ್ಲ, ಧಾಟಿ ಮಾತ್ರ ಕೇಳುತ್ತಿತ್ತು.

ಆ ನರ್ಸ್ ಮೆಟ್ಟಿಲ ಮೇಲೆ ಶೂ ಕಟ್ಟಿಕೊಳ್ಳುತ್ತ ನನ್ನ ಜೊತೆ ಮಾತಾಡಿದರು. ನಾನು ಮಾತಾಡದಿದ್ದುದರಿಂದ ಜನ ನನ್ನೊಡನೆ ಮಾತಾಡುತ್ತಿದ್ದರು.

"ನಾನೂ ಎಲ್ಲರ ಹತ್ರ ಅದನ್ನೇ ಹೇಳ್ತೀನಮ್ಮ, ಧರ್ಮ ಬೇಡ, ಅಧ್ಯಾತ್ಮ ಸಾಕು ಅಂತ. ನನ್ನ ತಮ್ಮ ತಾನಾಗೇ ಜೀವ ಕಳ್ಕೊಂಡ. ಹಾಗೆ ಸತ್ತೋನಿಗೆ ಪ್ರಾರ್ಥನೆ ಮಾಡಲ್ಲ ಅಂದ್ರು ನಮ್ಮೋರು. ನಾನು ಹೊರಟು ಬಂದೆ. ಆದ್ರೂ ಅವ್ನು ಎಲ್ಲೋ ಇದಾನೆ ಅನ್ನೋದು ಹೋಗಲ್ಲ. ಅದನ್ನ ಎಲ್ಲಿ ಇಡೋದು? ಅದಕ್ಕೆ ಇಲ್ಲಿಗೆ ಬರ್ತೀನಿ."

ಅವರ ಬಾಯಲ್ಲಿ ಅದೇ ಮಾತು ಬೇರೆಯಾಗಿ ಕೇಳಿಸಿತು. ಅವರು ಬಾಗಿಲು ಹಾಕಿಸಿಕೊಂಡು ಹೊರಗೆ ನಿಂತವರು. ನಮ್ಮ ಅಕ್ಕ ಬೀಗದ ಕೈ ಇಟ್ಟುಕೊಂಡವರು.

ಮರುದಿನ ಅಕ್ಕ ದೊಡ್ಡಮ್ಮನನ್ನು ಹಾಲ್‌ಗೆ ಕರೆದು ಮೆತ್ತೆಯ ಮೇಲೆ ಕೂರಿಸಿದರು. ಎದುರಿಗೆ ಮೈಕು. "ನಿಮ್ಮ ದನಿಯಲ್ಲಿ ಏನೋ ಇದೆ. ರೆಕಾರ್ಡ್ ಮಾಡಿ ಧ್ಯಾನದಲ್ಲಿ ಹಾಕೋಣ. ಆ ಒಂದು ಹೆಸರು ಮಾತ್ರ ಬೇಡ. ಉಳಿದದ್ದೆಲ್ಲ ಇರಲಿ."

"ಹೆಸರು ಬಿಟ್ಟು ಹೆಂಗೆ ಹೇಳ್ಲಿ? ಕರೆಯೋದು ಯಾರನ್ನ?"

"ಯಾರನ್ನೂ ಕರೀಬೇಡಿ. ಸುಮ್ಮನೆ ಹೇಳಿ."

"ಯಾರನ್ನೂ ಕರೀದೆ ಒಬ್ಳೇ ಮಾತಾಡ್ತಾ ಕೂತ್ರೆ ನನ್ನನ್ನ ಆಸ್ಪತ್ರೆಗೆ ಸೇರಿಸ್ತಾರೆ ಅಕ್ಕಾವ್ರೇ."

ನಾನು ನಕ್ಕುಬಿಟ್ಟೆ. ಅಕ್ಕನೂ ನಕ್ಕರು. ಆಮೇಲೆ ಮೆಲ್ಲಗೆ, "ರೆಕಾರ್ಡ್ ಮಾಡಿದ್ರೆ ಉಗ್ರಾಣ ಮತ್ತೆ ನಿಮಗೇ. ದಿನಾ ಹತ್ತು ನಿಮಿಷ," ಎಂದರು.

ದೊಡ್ಡಮ್ಮ ಮೈಕಿನ ಕಡೆ ಬಗ್ಗಿದಳು. ಒಂದು ಸಲ ಪ್ರಯತ್ನವನ್ನೂ ಮಾಡಿದಳು. ಮೊದಲ ಸಾಲಿನ ಕೊನೆಗೆ ಬಂದು, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವಳಂತೆ ಮುಗ್ಗರಿಸಿದಳು. ತಲೆ ಅಲ್ಲಾಡಿಸಿದಳು. "ಆಗಲ್ಲ. ಹೆಸರು ಇದ್ರೆ ಹೇಳ್ತೀನಿ. ಇಲ್ದಿದ್ರೆ ಉಗ್ರಾಣ ನೀವೇ ಇಟ್ಕೊಳ್ಳಿ."

ಅಕ್ಕ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. "ಆಯ್ತು, ನಿಮ್ಮಿಷ್ಟದ ಹಾಗೇ ಹೇಳಿ," ಎಂದರು.

ಹೇಳಿದಳು. ಏಳು ಸಾಲು, ಏಳು ಸಲ ಹೆಸರು. ಬೀಗ ತೆಗೆಸಿದರು. ಆ ವಾರವೆಲ್ಲ ದೊಡ್ಡಮ್ಮನ ಕಾಲು ನೆಲದ ಮೇಲಿರಲಿಲ್ಲ. ಟೈರ್ ಅಂಗಡಿಯವನಿಗೂ ಹೇಳಿದಳು: "ನನ್ನ ದನೀಲಿ ಅವನ ಹೆಸರು ಅಷ್ಟು ದೊಡ್ಡೋರು ಕೇಳ್ತಾರಂತೆ ಕಣಪ್ಪಾ. ನಮ್ಮಮ್ಮ ಇರ್ಬೇಕಿತ್ತು."

ಮುಂದಿನ ಮಂಗಳವಾರ ರೆಕಾರ್ಡಿಂಗ್ ಹಾಕಿದರು. ಹನ್ನೆರಡಕ್ಕೆ ದೊಡ್ಡಮ್ಮ ಉಗ್ರಾಣ ಸೇರಿದ್ದಳು. ನಾನು ಬಿಸಿನೀರಿನ ತಟ್ಟೆ ಹಿಡಿದು ಹಾಲ್‌ನ ಗೋಡೆಗೆ ಒರಗಿದ್ದೆ. ಮೊದಲು ಕೊಳಲು ಕೇಳಿತು, ಅದರ ಹಿಂದಿನಿಂದ ದೊಡ್ಡಮ್ಮನ ದನಿ ಬಂತು. ಮೊದಲ ಸಾಲು ಮುಗಿಯಿತು. ಹೆಸರು ಬರಲಿಲ್ಲ. ಆ ಜಾಗದಲ್ಲಿ ಬರಿಯ ಕೊಳಲು.

ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಎರಡನೆಯ ಸಾಲು ಮುಗಿದಾಗಲೂ ಕೊಳಲು. ಮೂರನೆಯದಕ್ಕೆ ನನಗೆ ಅರ್ಥವಾಯಿತು. ಅವಳ ಉಸಿರು ಎಳೆದುಕೊಂಡದ್ದು ಕೇಳುತ್ತಿತ್ತು, ಯಾವ ಹೆಸರಿಗಾಗಿ ಉಸಿರು ಎಳೆದುಕೊಂಡಳೋ ಆ ಹೆಸರನ್ನಷ್ಟೇ ಕೊಯ್ದು ತೆಗೆದಿದ್ದರು. ನಲವತ್ತು ಜನ ಕಣ್ಣು ಮುಚ್ಚಿ ಸುಖವಾಗಿ ಕುಳಿತಿದ್ದರು. ಅಕ್ಕನ ಮುಖದಲ್ಲಿ ನಗು. ಗೋಡೆಯಾಚೆ ಆ ಮುದುಕಿ, ತನ್ನ ಮಾತು ಉಳಿಯಿತೆಂದು ನಂಬಿ, ಹಳೆಯ ಮೆತ್ತೆಗಳ ನಡುವೆ ಕೃತಜ್ಞತೆಯಿಂದ ಕುಳಿತಿದ್ದಳು.

ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ನಾನು ಅಷ್ಟೇನೂ ಭಕ್ತೆಯಲ್ಲ. ಆ ಏಳು ಸಾಲು ನನಗೆ ಸರಿಯಾಗಿ ಬಾಯಿಗೂ ಬರುವುದಿಲ್ಲ. ಹೆಸರೊಂದು ಗೊತ್ತು.

ನಾಲ್ಕನೆಯ ಸಾಲು ಮುಗಿಯಿತು. ಖಾಲಿ ಜಾಗ ಬಂತು. ನಾನು ಆ ಹೆಸರು ಹೇಳಿದೆ.

ನನ್ನ ದನಿ ಬಾಗಿಲು ಕಿರುಗುಟ್ಟಿದಂತೆ ಕೇಳಿತು ನನಗೇ. ಎರಡು ಮೂರು ಜನ ಕಣ್ಣು ಬಿಟ್ಟರು. ಐದನೆಯ ಸಾಲು ಮುಗಿದಾಗ ಇನ್ನೂ ಜೋರಾಗಿ ಹೇಳಿದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟರು. ತಟ್ಟೆಯನ್ನು ನೆಲದ ಮೇಲಿಟ್ಟೆ. ಆರನೆಯದಕ್ಕೆ ಕೂಗಿದೆ. ಏಳನೆಯ ಸಾಲು ಬರುವಷ್ಟರಲ್ಲಿ ಅಕ್ಕ ಯಂತ್ರ ನಿಲ್ಲಿಸಿದರು.

ಕೂಗು ಕೇಳಿ ದೊಡ್ಡಮ್ಮ ಓಡಿಬಂದಳು. "ಏನಾಯ್ತೇ? ಬಿದ್ಯಾ?"

"ಹೆಸರು ತೆಗೆದಿದಾರೆ ದೊಡ್ಡಮ್ಮ. ಒಂದೂ ಬಿಟ್ಟಿಲ್ಲ."

ದೊಡ್ಡಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ ಎದೆಯ ಮೇಲೆ ಕೈಯಿಟ್ಟು, "ನಿಮ್ಮ ದನಿ ಎಲ್ಲರಿಗೂ ತಲುಪಲಿ ಅಂತ ಹಾಗೆ ಮಾಡಿದ್ದು. ಅದು ಒಬ್ಬರ ಸ್ವತ್ತಾಗಬಾರದು," ಎಂದರು.

"ಎಲ್ರಿಗೂ ತಲುಪ್ಸಿದ್ರಿ. ತಲುಪ್ಬೇಕಾದೋನನ್ನ ಬಾಗಿಲಲ್ಲೇ ತಡೆದ್ರಲ್ಲ ಅಕ್ಕಾವ್ರೇ," ಎಂದಳು ದೊಡ್ಡಮ್ಮ. ಅವಳ ದನಿ ಏರಲಿಲ್ಲ.

ಅಕ್ಕ ನನ್ನತ್ತ ತಿರುಗಿದರು. "ಮಗೂ, ಈ ಕೋಪವನ್ನ ಸುಮ್ಮನೆ ಗಮನಿಸು. ಅದು ನಿನ್ನದಲ್ಲ. ಬಂದು ಹೋಗುತ್ತೆ."

"ನಂದೇ," ಎಂದೆ. "ಅದನ್ನ ಅಳಿಸಿ. ನಮ್ಮೆದುರಿಗೇ ಅಳಿಸಿ."

ಅಷ್ಟರಲ್ಲಿ ನರ್ಸ್ ಎದ್ದು ಅಕ್ಕನ ಪಕ್ಕ ಹೋಗಿ ನಿಂತರು. "ಅಳಿಸಿ. ನಾನೂ ನೋಡ್ತೀನಿ," ಎಂದರು. ಅಕ್ಕ ಫೋನ್ ತೆಗೆದು ಅದರಲ್ಲಿದ್ದ ರೆಕಾರ್ಡಿಂಗ್ ಅಳಿಸಿದರು. ನಗುತ್ತಲೇ ಅಳಿಸಿದರು. ನಗುತ್ತಲೇ, ನಾಳೆಯಿಂದ ನಾವಿಬ್ಬರೂ ಬರಬೇಕಿಲ್ಲ ಎಂದೂ ಹೇಳಿದರು.

ದೊಡ್ಡಮ್ಮ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ನಾನು ಅವಳ ತೋಳು ಹಿಡಿದಿದ್ದೆ.

"ಅಷ್ಟು ಜೋರಾಗಿ ಕೂಗೋದೇನೇ? ಅವನಿಗೇನು ಕಿವುಡಾ?" ಎಂದು ಬೈದಳು.

"ಅವನಿಗಲ್ಲ ದೊಡ್ಡಮ್ಮ ನಾನು ಕೂಗಿದ್ದು," ಎಂದೆ. "ಅವ್ರಿಗೆ."