ಓಣಿಯಲ್ಲಿ ಎದ್ದ ಎಂಜಿನ್

ಕಾರು ಕೊಳ್ಳಲು ಬಂದವನು ಒಂದು ಸುತ್ತು ಹೋಗಿಬಂದು ಮುಖ ಹುಳ್ಳಗೆ ಮಾಡಿದ. "ಬ್ಯಾಟರಿ ಸತ್ತಿದೆ ಅಮ್ಮ. ಅರ್ಧ ದಾರಿಗೇ ಪೆಟ್ರೋಲ್ ಎಂಜಿನ್ ಎದ್ದು ಕೂತ್ಕೊಳ್ಳುತ್ತೆ," ಎಂದು ಕೀಲಿ ಕೊಟ್ಟು ಹೋದ. ಅತ್ತಿಗೆ ಮೈದುನನನ್ನು ಕರೆಸಿದಳು.

ಮೈದುನ ಗ್ಯಾರೇಜಿನವನು. ಕರೆಂಟನ್ನೂ ಕುಡಿದು ಪೆಟ್ರೋಲನ್ನೂ ಕುಡಿಯುವ ಇಂಥ ಎರಡು ಹೊಟ್ಟೆಯ ಕಾರುಗಳ ರಿಪೇರಿಯೇ ಅವನ ಅನ್ನ. ಇದು ಅಣ್ಣನ ಕಾರು. ಅಣ್ಣ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಷೆಡ್ಡಿನಲ್ಲೇ ಧೂಳು ತಿನ್ನುತ್ತಿತ್ತು.

"ವಯಸ್ಸಾಯ್ತಲ್ಲ ಅತ್ತಿಗೆ, ಬ್ಯಾಟರಿಗೂ ಮಂಡಿನೋವು ಬರುತ್ತೆ," ಎಂದು ಅವಳನ್ನು ನಗಿಸಲು ನೋಡಿದ.

ಆದರೆ ಬ್ಯಾಟರಿಯನ್ನು ಬರಿದು ಮಾಡಿ, ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ತುಂಬಿಸಿದಾಗ ಅವನೇ ಬೆರಗಾದ. ಅದು ಕುಡಿದ ಕರೆಂಟು ಹೊಸ ಕಾರಿಗಿಂತ ಚೂರೇ ಕಡಿಮೆ. ಒಳಗಿನ ಸೆಲ್ಲುಗಳೆಲ್ಲ ಒಂದೇ ಮಟ್ಟದಲ್ಲಿದ್ದವು. ಅಣ್ಣ ಮಗುವಿನಂತೆ ಸಾಕಿದ್ದ.

ಓಡಿಸಿಯೇ ನೋಡೋಣವೆಂದು ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಹೆದ್ದಾರಿಯಲ್ಲಿ, ಏರಿನಲ್ಲಿ, ಎಲ್ಲೂ ಎಂಜಿನ್ ಉಸಿರೆತ್ತಲಿಲ್ಲ. ಬೆಕ್ಕಿನ ಹೆಜ್ಜೆಯಂತೆ ಕಾರು ಸಾಗಿತು. ವಾಪಸು ಬರುವಾಗ ಹಳದಿ ಗೋಡೆಯ ಓಣಿಗೆ ತಿರುಗಿದ್ದೇ ತಡ, ಎಂಜಿನ್ ಗುರ್ ಎಂದು ಎದ್ದಿತು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಗೋಡೆ ಮುಗಿದ ಕೂಡಲೇ ಸದ್ದು ತಾನಾಗಿ ಅಡಗಿತು.

ಮೈದುನ ಕಾರು ತಿರುಗಿಸಿ ಮತ್ತೆ ಬಂದ. ಮತ್ತೆ ಅಲ್ಲೇ ಎದ್ದಿತು, ಅಲ್ಲೇ ಅಡಗಿತು. ಎಸಿ ಆರಿಸಿ, ಆಮೆಯ ಹಾಗೆ ತೆವಳಿಸಿದರೂ ಅದೇ ಕತೆ.

"ಅಲ್ಲಿ ನಿಮ್ಮಣ್ಣ ಬಟನ್ ಒತ್ತಿ ಎಂಜಿನ್ ಎಬ್ಬಿಸ್ತಿದ್ರು," ಅತ್ತಿಗೆ ಮೆಲ್ಲಗೆ ಹೇಳಿದಳು. "ಆ ಗೇಟಿನ ಮನೇಲಿ ಕಣ್ಣು ಕಾಣದ ಅಜ್ಜಿ ಇದ್ದಾರೆ. ಒಂದ್ಸಲ ಸದ್ದಿಲ್ಲದ ಈ ಕಾರು ತಗುಲಿ ಅವರ ಕೈ ಮುರೀತು. ಆಮೇಲಿಂದ ಸದ್ದು ಮಾಡದೆ ಈ ಓಣಿಗೆ ನಿಮ್ಮಣ್ಣ ಬಂದಿದ್ದೇ ಇಲ್ಲ."

"ನಾನು ಬಟನ್ ಮುಟ್ಟೇ ಇಲ್ಲ ಅತ್ತಿಗೆ."

"ನೋಡ್ತಾನೇ ಇದ್ದೀನಲ್ಲಪ್ಪ."

ಮತ್ತೆ ಹೋದಾಗ ಗೇಟಿನ ಬಳಿ ಅಜ್ಜಿ ಕೋಲೂರಿ ನಿಂತಿದ್ದಳು. ಎಂಜಿನ್ ಸದ್ದು ಕೇಳಿದ್ದೇ ಅವಳ ಮುಖ ಅರಳಿತು. "ಬಂದ್ಯೇನಪ್ಪ? ಹೋಗು, ನಾನು ಈಚೆಗೇ ಇದ್ದೀನಿ."

ಅತ್ತಿಗೆ ಗಾಜು ಇಳಿಸಿದಳು. "ಅಜ್ಜಿ, ಈ ಕಾರು ಬಹಳ ದಿನದಿಂದ ಬಂದಿರ್ಲಿಲ್ಲ ಅಲ್ವಾ?"

"ಯಾವನು ಹೇಳಿದ್ದು? ದಿನಾ ಬರ್ತಾನೆ. ಒಂದಿನಾನೂ ತಪ್ಪಿಸಿಲ್ಲ. ಮಾತು ಮಾತ್ರ ಬಿಟ್ಟಿದ್ದಾನೆ."

ಮೈದುನ ಬ್ರೇಕ್ ಒತ್ತಿದ. ಕೊಳ್ಳುವವನಿಗೆ ತೋರಿಸಲೆಂದು ಮೊನ್ನೆ ಷೆಡ್ಡಿನ ಬೀಗ ತೆಗೆದವನು ಅವನೇ. ಚಕ್ರಕ್ಕೆ ಜೇಡ ನೇಯ್ದಿದ್ದ ಬಲೆಯನ್ನು ಒರೆಸಿದವನೂ ಅವನೇ. ಅತ್ತಿಗೆ ಗಾಜು ಏರಿಸಿದಳು, ಅವನು ಕಾರನ್ನು ಮನೆಯತ್ತ ಓಡಿಸಿದ.

ಅಂಗಳದಲ್ಲಿ ಇಳಿದ ಅತ್ತಿಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, "ಇನ್ಯಾರಾದ್ರೂ ಕೇಳಿದ್ರೆ ಬ್ಯಾಟರಿ ಹೋಗಿದೆ ಅಂತಲೇ ಹೇಳಿಬಿಡು," ಎಂದಳು.

ಗಿರಾಕಿಗೆ ಎಂದೂ ಸುಳ್ಳು ಹೇಳದ ಮೈದುನ ತಲೆಯಾಡಿಸಿದ. ಅಂದಿನಿಂದ ಅತ್ತಿಗೆ ಆ ಕಾರನ್ನು ತಾನೇ ಓಡಿಸತೊಡಗಿದಳು. ಅವನು ಮಾತ್ರ ಎಷ್ಟೇ ಸುತ್ತಾದರೂ ಸರಿ, ಆ ಓಣಿ ಬಿಟ್ಟು ಬೇರೆ ದಾರಿ ಹಿಡಿಯುತ್ತಾನೆ.