ಅನುಭವ ಪತ್ರಕ್ಕಾಗಿ ಮಲ್ಲೇಶ್ವರಕ್ಕೆ

ನಾನು ಜೀವನದಲ್ಲಿ ಒಂದೇ ಒಂದು ಭಾಷಣವನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದೇನೆ. ಆ ದಿನ ನನಗೆ ಗಂಟಲು ಕಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಅನೇಕ ಸಲ ಅನ್ನಿಸಿದೆ.

ಮಸ್ಕತ್ತಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಆರು ವರ್ಷ ಗಣಿತ ಕಲಿಸುತ್ತಿದ್ದೆ. ೨೦೦೧ರಲ್ಲಿ ದೋಹಾದ ಇನ್ನೊಂದು ಶಾಲೆಯಿಂದ ಕರೆ ಬಂತು. ಸಂಬಳ ಜಾಸ್ತಿ, ಮನೆ ದೊಡ್ಡದು. ಎಲ್ಲಕ್ಕಿಂತ ಮುಖ್ಯವಾಗಿ, 'ಶಿಕ್ಷಕ' ಎಂಬುದರ ಹಿಂದೆ 'ಹಿರಿಯ' ಎಂಬ ಪದವಿತ್ತು. ಗಾಂಧಿಬಜಾರಿನಲ್ಲಿ ತರಕಾರಿ ಮಾರುತ್ತಿದ್ದ ಅಣ್ಣಯ್ಯಪ್ಪನ ಮಗನಿಗೆ ತಲೆ ತಿರುಗಲು ಅಷ್ಟು ಸಾಕಾಯಿತು.

ಬೀಳ್ಕೊಡುಗೆ ಸಭೆಯಲ್ಲಿ ಪ್ರಿನ್ಸಿಪಾಲ್ ಶೈಲಜಮ್ಮನವರು ಮೊದಲ ಸಾಲಿನಲ್ಲಿ ಕೂತಿದ್ದರು. ನಾನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ: "ಈ ಶಾಲೆಯಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಮಾಡುವುದು ಗಂಟೆ ಒಂದೇ. ಏಕೆಂದರೆ ಅದಕ್ಕೆ ಪ್ರಿನ್ಸಿಪಾಲರ ಅನುಮತಿ ಬೇಕಿಲ್ಲ." ಸಹೋದ್ಯೋಗಿಗಳು ನಕ್ಕರು. ನಾನು ಚರಿತ್ರೆಯಲ್ಲಿ ಸೇರಿಹೋದೆ ಎಂದುಕೊಂಡೆ. ಅದೇ ಅಮಲಿನಲ್ಲಿ ಆಫೀಸಿಗೆ ಹೋದಾಗ ಗುಮಾಸ್ತ, "ಅನುಭವ ಪತ್ರಕ್ಕೆ ಅರ್ಜಿ ಬರೆದುಕೊಡಿ" ಎಂದ. "ನನ್ನ ಶಿಷ್ಯರೇ ನನ್ನ ಅನುಭವ ಪತ್ರ" ಎಂದು ಹೇಳಿ ಹೊರಟುಬಂದೆ.

ಹಳೆಯ ವೀಸಾ ರದ್ದಾಯಿತು. ಹೆಂಡತಿ ಲಾವಣ್ಯಾಳೊಂದಿಗೆ ಹನುಮಂತನಗರದ ಮನೆಗೆ ಬಂದೆ. ಹೊಸ ವೀಸಾ ಎರಡು ವಾರದಲ್ಲಿ ಬರುತ್ತದೆಂದು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಅದನ್ನು ಇಡೀ ಬೀದಿಗೆ ಹೇಳಿದಳು.

ವೀಸಾ ಬರಲಿಲ್ಲ, ದೋಹಾದ ಶಾಲೆಯಿಂದ ಫ್ಯಾಕ್ಸ್ ಬಂತು. ವೀಸಾಕ್ಕೆ ಬೇಕಾದ ಕಾಗದಗಳನ್ನೆಲ್ಲ ಅದರಲ್ಲಿ ಬರೆದಿದ್ದರು. ದೆಹಲಿಯಲ್ಲಿ ಮುದ್ರೆ ಹಾಕಿಸಿದ ಡಿಗ್ರಿ ಸರ್ಟಿಫಿಕೇಟು ಇತ್ತು. ಪೊಲೀಸರ ಪತ್ರ, ಡಾಕ್ಟರ ಪತ್ರ ಎರಡೂ ಇದ್ದವು. ಕೊನೆಯದೊಂದು ಇರಲಿಲ್ಲ. ಹಿಂದಿನ ಶಾಲೆಯ ಲೆಟರ್‌ಹೆಡ್ಡಿನ ಮೇಲೆ ಪ್ರಿನ್ಸಿಪಾಲರ ಸಹಿ, ಮೊಹರು ಸಮೇತ, 'ಇವರು ಇಲ್ಲಿ ಕೆಲಸ ಮಾಡಿದ್ದರು, ಬೇರೆ ಕಡೆ ಸೇರಲು ನಮ್ಮ ಆಕ್ಷೇಪಣೆ ಇಲ್ಲ' ಎಂಬ ಪತ್ರ. ಅದಿಲ್ಲದೆ ಅರ್ಜಿಯನ್ನು ಮುಂದಕ್ಕೆ ಕಳಿಸುವುದೇ ಇಲ್ಲವಂತೆ.

ಅದರ ಬದಲು ನನ್ನ ವಿದ್ಯಾರ್ಥಿಗಳ ಆರು ವರ್ಷದ ಫಲಿತಾಂಶ ಕಳಿಸಬಹುದೇ ಎಂದು ನಾನು ಒಂದು ಪುಟ ಬರೆದು ಫ್ಯಾಕ್ಸ್ ಮಾಡಿದೆ. 'ಇಲ್ಲ' ಎಂಬ ಒಂದೇ ಪದದ ಉತ್ತರ ಬಂತು.

"ಶೈಲಜಾ ಮೇಡಂ ರಜಕ್ಕೆ ಮಲ್ಲೇಶ್ವರದ ತಾಯಿ ಮನೇಗೆ ಬಂದಿರ್ತಾರಲ್ರೀ. ಹೋಗಿ ಕೇಳಿ" ಎಂದಳು ಲಾವಣ್ಯಾ.

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದೊಂದೇ ತಾನೇ? ಅದನ್ನೇ ಇಟ್ಕೊಂಡು ಹೋಗಿ."

ಅಮ್ಮ ದ್ರೌಪದಮ್ಮ ಒಳಗಿನಿಂದ ಒಂದು ಹಲಸಿನ ಹಣ್ಣನ್ನು ಗೋಣಿಚೀಲದಲ್ಲಿ ಹಾಕಿ ತಂದಿಟ್ಟಳು. "ಬೈದು ಬಂದವ್ನೆ, ಬರಿಗೈಲಿ ಬೇರೆ ಹೋಗ್ತಾನಂತೆ. ತಗೊಂಡೋಗು."

ಕಳಿತ ಹಲಸಿನ ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತವನಿಗೆ ಸ್ವಾಭಿಮಾನದ ವಿಷಯ ಯೋಚಿಸುವುದು ಕಷ್ಟ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವಷ್ಟರಲ್ಲಿ ಪ್ಯಾಂಟಿಗೆ ಮುಳ್ಳು ಚುಚ್ಚಿ, ಅಂಗಿಗೆ ವಾಸನೆ ಹತ್ತಿ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗಿದ್ದರು. ದಾರಿಯುದ್ದಕ್ಕೂ ನಾನು ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಕೆಲವರಿಗೆ ಬುದ್ಧಿ ಬರುವುದೇ ಇಲ್ಲ.

ಬಾಗಿಲು ತೆರೆದವರು ಮೇಡಂ ಅವರ ತಾಯಿ ವಿಶಾಲಮ್ಮ. ಎಂಬತ್ತರ ಮೇಲಿನ ವಯಸ್ಸು, ಚುರುಕು ಕಣ್ಣು.

"ಯಾರು ಬೇಕಿತ್ತಪ್ಪ?"

"ಯೋಗಾನಂದ ಅಂತ. ಮೇಡಂ ಶಾಲೇಲಿ ಮ್ಯಾಥ್ಸ್..."

ಅವರು ಪೂರ್ತಿ ಕೇಳಲಿಲ್ಲ. ಒಳಗೆ ತಿರುಗಿ ಕೂಗಿದರು: "ಶೈಲೂ, ಆ ಗಂಟೆಯವನು ಬಂದಿದಾನೆ ನೋಡೇ!"

ಬೆವರಿದ ಕೈಯಿಂದ ಹಲಸಿನ ಹಣ್ಣು ಇನ್ನೇನು ಜಾರಬೇಕು, ಅಷ್ಟರಲ್ಲಿ ಶೈಲಜಮ್ಮ ಹೊರಗೆ ಬಂದರು. ಶಾಲೆಯಲ್ಲಿ ಕಂಡಿದ್ದಕ್ಕಿಂತ ಕುಳ್ಳಗೆ ಕಾಣುತ್ತಿದ್ದರು. ಕೈಯಲ್ಲಿ ಅರ್ಧ ಬಿಡಿಸಿದ ಸೊಪ್ಪು.

"ಬನ್ನಿ ಯೋಗಾನಂದ್. ಈ ಸಲ ಲೇಟಾಯ್ತು. ಹೋದ ವರ್ಷ ಕೆಮಿಸ್ಟ್ರಿಯವರು ರಜ ಶುರುವಾಗ್ತಿದ್ದ ಹಾಗೇ ಬಂದಿದ್ರು."

"ಅವರೂ ಭಾಷಣ ಮಾಡಿದ್ರಾ ಮೇಡಂ?"

"ಇಲ್ಲ, ಪದ್ಯ ಓದಿದ್ರು."

ನನ್ನ ಬಂಡಾಯ ಲೋಕದಲ್ಲೇ ಮೊದಲನೆಯದೆಂದು ನಾನು ನಂಬಿದ್ದೆ. ಅದು ವರ್ಷಕ್ಕೊಂದು ಸಲ ಬರುವ ಹಬ್ಬ ಎಂದು ಆಗ ತಿಳಿಯಿತು.

"ಮೇಡಂ, ಅವತ್ತು ನಾನು ಆಡಿದ ಮಾತು..." ಎಂದು ಬಾಯಿಪಾಠ ಶುರು ಮಾಡಿದೆ.

"ಮಾತೇನೋ ಚೆನ್ನಾಗಿತ್ತು. ಆದ್ರೆ ಲೆಕ್ಕ ತಪ್ಪು. ಗಂಟೆ ಕೆಟ್ಟು ಮೂರು ದಿನ ನಿಂತಿತ್ತಲ್ಲ, ರಿಪೇರಿಗೆ ಸಹಿ ಹಾಕಿದ್ದು ನಾನೇ."

ವಿಶಾಲಮ್ಮನವರಿಗೆ ಸಮಾಧಾನವಿರಲಿಲ್ಲ. "ಒಂದ್ಸಲ ನಿನ್ನ ಬಾಯಲ್ಲೇ ಹೇಳಪ್ಪ. ಇವಳು ಹೇಳಿದ್ರೆ ಮಜಾ ಬರಲ್ಲ."

ಬೇಡವೆಂದರೂ ಬಿಡಲಿಲ್ಲ. ನಡುಮನೆಯಲ್ಲಿ, ಹಲಸಿನ ಹಣ್ಣಿನ ಪಕ್ಕ ನಿಂತು, ನನ್ನ ಬಾಳಿನ ಅತ್ಯುತ್ತಮ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಮುಂದಿನದಕ್ಕೆಂದು ನನ್ನ ಮುಖ ನೋಡಿದರು.

"ಅಷ್ಟೇನಾ?"

"ಅಷ್ಟೇ ಅಮ್ಮ."

"ಇದಕ್ಕೆ ಅಷ್ಟು ಜನ ನಕ್ಕರೇ?" ಎನ್ನುತ್ತಾ ಅವರು ಹಣ್ಣು ಹೆಚ್ಚಲು ಕೈಗೆ ಎಣ್ಣೆ ಸವರಿಕೊಳ್ಳತೊಡಗಿದರು.

ಮೇಡಂ ಒಳಗಿನಿಂದ ಒಂದು ಚೀಲ ತಂದರು. ಅದರಲ್ಲಿ ಶಾಲೆಯ ಲೆಟರ್‌ಹೆಡ್ಡು, ಮೊಹರು, ಇಂಕ್ ಪ್ಯಾಡು ಎಲ್ಲ ಇದ್ದವು. ರಜಕ್ಕೆ ಬರುವಾಗ ಇವನ್ನು ತರುವುದು ರೂಢಿಯಂತೆ. ಒಂದು ಹಾಳೆಯಲ್ಲಿ ಕರಡು ಬರೆದು, ಟೈಪ್ ಮಾಡಿಸಿಕೊಂಡು ಬನ್ನಿ ಎಂದು ಒಂದೇ ಒಂದು ಲೆಟರ್‌ಹೆಡ್ಡು ಕೊಟ್ಟರು.

ಸಂಪಿಗೆ ರಸ್ತೆಯ ಟೈಪಿಂಗ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕರಡು ಓದಿದೆ. ನನ್ನ ಪಾಠವನ್ನು ಹೊಗಳಿದ್ದರು. ಆಕ್ಷೇಪಣೆ ಇಲ್ಲ ಎಂದಿದ್ದರು. ನಡುವೆ ಒಂದು ಸಾಲಿತ್ತು: 'ಮಕ್ಕಳ ಮುಂದೆ ಇವರಿಗೆ ಅಪಾರ ತಾಳ್ಮೆ, ದೊಡ್ಡವರ ಮುಂದೆ ಅದು ಇನ್ನೂ ಬರಬೇಕಾಗಿದೆ.'

ಸಿಟ್ಟು ಬಂತು. ಆ ಸಾಲನ್ನು ಬಿಟ್ಟು ಟೈಪ್ ಮಾಡಲು ಹೇಳೋಣವೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಪ್ರಾಮಾಣಿಕತೆಯಿಂದ ಎಂದು ಹೇಳಿಕೊಳ್ಳಲು ಆಸೆಯೇ. ನಿಜವೇನೆಂದರೆ, ಮೇಡಂ ಓದದೆ ಸಹಿ ಹಾಕುವವರಲ್ಲ, ಇನ್ನೊಂದು ಹಾಳೆ ಬೇಡುವ ಧೈರ್ಯ ನನಗಿರಲಿಲ್ಲ.

ಅವರು ಪತ್ರವನ್ನು ಕೊನೆಯವರೆಗೂ ಓದಿದರು. "ಆ ಸಾಲು ಬಿಟ್ಟು ಬರ್ತೀರಿ ಅಂದ್ಕೊಂಡಿದ್ದೆ."

ನಾನು ಇಂಕ್ ಪ್ಯಾಡನ್ನು ಅವರ ಕಡೆ ಸರಿಸಿದೆ. ಅವರು ಸಹಿ ಹಾಕಿ, ಮೊಹರು ಒತ್ತಿ, ಶಾಯಿ ಆರಲೆಂದು ಪತ್ರವನ್ನು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆ ಕ್ಲಾಸ್ ತಗೋತೀನಿ ಅಂತ ಎರಡು ಸಲ ಬರ್ಕೊಟ್ರಿ. ನಾನು ಉತ್ತರ ಕೊಡಲಿಲ್ಲ. ಅದಕ್ಕೇ ತಾನೇ ನಿಮಗೆ ಕೋಪ?"

"ಹೌದು ಮೇಡಂ."

"ಎರಡು ಸಲಾನೂ ಮ್ಯಾನೇಜ್‌ಮೆಂಟಿಗೆ ಕಳಿಸಿದೆ. ಬೇಡ ಅಂದ್ರು. ನಿಮಗೆ ಕರೆದು ಹೇಳ್ಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು. ಈಗ ಒಪ್ಪಿದಾರೆ. ಕ್ಲಾಸ್ ಇದೆ, ನೀವಿಲ್ಲ."

ಆ ಮಕ್ಕಳ ಮುಖಗಳು ಒಂದೊಂದಾಗಿ ನೆನಪಾದವು. ಭಾಷಣ ಬರೆಯಲು ಕಳೆದ ಸಂಜೆಗಳಲ್ಲಿ ಒಂದು ಸಂಜೆ ಅವರ ಕೋಣೆಗೆ ಹೋಗಿ, 'ಏನಾಯ್ತು ಮೇಡಂ?' ಎಂದು ಕೇಳಬಹುದಿತ್ತು. ಎರಡು ಪದ ಸಾಕಿತ್ತು. ಬಾಯಿಪಾಠ ಮಾಡುವ ಅಗತ್ಯವೂ ಇರಲಿಲ್ಲ.

"ಯಾರು ತಗೋತಾರೆ ಆ ಕ್ಲಾಸು?"

"ಇನ್ನೂ ಯಾರೂ ಇಲ್ಲ. ಹೊಸಬರು ಸಿಗೋವರೆಗೂ ನಾನೇ. ನಿಮ್ಮ ನೋಟ್ಸ್ ಇದ್ರೆ ಕಳಿಸ್ಕೊಡಿ, ನನ್ನದು ಹಿಸ್ಟರಿ."

ಮೂವರೂ ಕೂತು ಹಲಸಿನ ತೊಳೆ ತಿಂದೆವು. ವಿಶಾಲಮ್ಮ ಬೀಜಗಳನ್ನು ಸಾರಿಗೆಂದು ಬೇರೆ ಎತ್ತಿಟ್ಟರು. ಮಾರನೆಯ ದಿನ ನೋಟ್ಸನ್ನೆಲ್ಲ ಜೆರಾಕ್ಸ್ ಮಾಡಿಸಿ ಅವರ ಮನೆಗೆ ತಲುಪಿಸಿದೆ.

ಪತ್ರವನ್ನು ದೋಹಾಕ್ಕೆ ಫ್ಯಾಕ್ಸ್ ಮಾಡಿದೆ. ವೀಸಾ ಆಗಸ್ಟಿನಲ್ಲಿ ಬಂತು. ದೋಹಾದ ಶಾಲೆಯಲ್ಲಿ ಆ ಪತ್ರದ ಮೂಲಪ್ರತಿಯನ್ನು ತೆಗೆದುಕೊಂಡ ಗುಮಾಸ್ತ, ನಾನು ಇಷ್ಟು ದಿನ ನಾಚಿ ಮುದುಡಿದ್ದ ಸಾಲನ್ನು ಓದಲೇ ಇಲ್ಲ. ಮೊಹರು ಸ್ಪಷ್ಟವಾಗಿದೆಯೇ ಎಂದಷ್ಟೇ ನೋಡಿ ಫೈಲಿಗೆ ಸೇರಿಸಿದ.

ಹೊಸ ಪ್ರಿನ್ಸಿಪಾಲರಿಗೂ ಸಂಜೆ ಕ್ಲಾಸಿನ ಮನವಿ ಕೊಟ್ಟೆ. ಒಂದು ತಿಂಗಳಾದರೂ ಉತ್ತರವಿಲ್ಲ. ಒಳಗೆ ಒಂದು ವಾಕ್ಯ ತಾನಾಗಿ ಮಸೆದುಕೊಳ್ಳುತ್ತಿರುವುದು ಗೊತ್ತಾಗಿ, ನೇರವಾಗಿ ಅವರ ಕೋಣೆಗೆ ಹೋಗಿ ಏನಾಯಿತೆಂದು ಕೇಳಿದೆ. ಇನ್ನೊಂದು ವಾರ ಕಾಯಿರಿ ಎಂದರು.

ಕಾದೆ. ಗೊಣಗಿಕೊಂಡೇ ಕಾದೆ, ಅದನ್ನು ಒಪ್ಪಿಕೊಳ್ಳಬೇಕು.